ಸುದ್ದಿಯೊಳಗಿನ ಬಂದೂಕು

ಕೇಳುಗರಿಗೆ ನಮಸ್ಕಾರ.

ಗುಂಡಿನ ದಾಳಿಯ ಸುದ್ದಿ ಬಂದಾಗ 'ಸ್ಥಳದಲ್ಲಿ ಮೂರು ಗುಂಡು ಸಿಕ್ಕಿವೆ' ಅಂತ ಓದುತ್ತೇವೆ. ಬಹಳ ಸಲ ಸಿಕ್ಕಿದ್ದು ಗುಂಡಲ್ಲ, ಖಾಲಿ ತೋಟಾ. ಹಿತ್ತಾಳೆಯ ಸಣ್ಣ ಕೊಳವೆ, ತಳದ ನಡುವೆ ಪಿನ್ನು ಹೊಡೆದ ಚಿಕ್ಕ ತಗ್ಗು. ಗುಂಡು ಅದರ ತುದಿಯಿಂದ ಹಾರಿ ಗೋಡೆಗೋ ಮನುಷ್ಯನ ಮೈಗೋ ಹೊಕ್ಕಿರುತ್ತದೆ.

ಅದೇ ವರದಿಯಲ್ಲಿ 'ರಿವಾಲ್ವರ್‌ನಿಂದ ಹಾರಿಸಿದ' ಅಂತ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ. ರಿವಾಲ್ವರ್ ಖಾಲಿ ತೋಟಾವನ್ನು ಹೊರಗೆ ಎಸೆಯುವುದಿಲ್ಲ. ಅದು ತೋಟಾ ತುಂಬುವ ತಿರುಗು ಉರುಳೆ, ಅಂದರೆ ಸಿಲಿಂಡರ್‌ನಲ್ಲೇ ಉಳಿಯುತ್ತದೆ, ಕೈಯಾರೆ ತೆಗೆಯಬೇಕು. ಮ್ಯಾಗಜಿನ್ ಇರುವ ಪಿಸ್ತೂಲ್ ಆದರೆ ಪ್ರತಿ ಸಲವೂ ಹೊರಕ್ಕೆ ಚಿಮ್ಮಿಸುತ್ತದೆ. ಹಾಗಾದರೆ ಆತನ ಕೈಯಲ್ಲಿದ್ದದ್ದು ಪಿಸ್ತೂಲೇ? ಇಲ್ಲಾ, ರಿವಾಲ್ವರ್‌ನ ಖಾಲಿ ತೋಟಾ ಉದುರಿಸಿ ಅಲ್ಲೇ ನಿಂತು ಮತ್ತೆ ತುಂಬಿಸಿದನೇ? ಎರಡಕ್ಕೂ ಅಜಗಜಾಂತರ, ಅಲ್ವಾ?

'32 ಎಂ.ಎಂ. ರಿವಾಲ್ವರ್' ಅನ್ನುವುದು ಇನ್ನೊಂದು ತಪ್ಪು. ಪಾಯಿಂಟ್ 32 ಅಂದರೆ ನಳಿಕೆಯ ಬಾಯಿಯ ಅಗಲ, ಇಂಚಿನ ಲೆಕ್ಕ, ಸುಮಾರು 8 ಎಂ.ಎಂ. ಪಾಯಿಂಟ್ ಬಿದ್ದುಹೋಗಿ ಎಂ.ಎಂ. ಅಂಟಿಕೊಂಡರೆ ನಳಿಕೆಯ ಬಾಯಿ ಒಂದೂಕಾಲು ಇಂಚಾಗುತ್ತದೆ!

ನಮ್ಮ ಕಡೆ ಇದರಿಂದ ಏಟು ತಿನ್ನುವವರು ರೈತರು. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಹಂದಿ, ಆನೆ ಕಾಟಕ್ಕೆ ಬೆಳೆ ಕಾಯಲು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಂಡವರಿದ್ದಾರೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುತ್ತಾರೆ. ಅಂಥ ಕೋವಿಯನ್ನು 'ನಾಡಬಂದೂಕು' ಅಂತ ಬರೆದರೆ ಊರವರು ಕಳ್ಳ ಕೋವಿ ಅಂತಲೇ ತಿಳಿಯುತ್ತಾರೆ. ಮನೆಯವರು ತಲೆ ಎತ್ತಿ ಓಡಾಡುವುದು ಹೇಗೆ? ಟಿವಿಯಲ್ಲಿ ಅದನ್ನೇ 'ರೈಫಲ್' ಅಂದುಬಿಡುತ್ತಾರೆ. ರೈಫಲ್ ನಳಿಕೆಯ ಒಳಗೆ ತಿರುಚಿದ ಗೀರುಗಳಿರುತ್ತವೆ. ಅದರ ಗುಂಡು ಗಿರಗಿರ ತಿರುಗುತ್ತಾ ಬಹುದೂರ ನೇರ ಹೋಗುತ್ತದೆ. ರೈತನ ಕೋವಿಯ ನಳಿಕೆ ಒಳಗೆ ನುಣುಪು. ಚರೆ, ಅಂದರೆ ಸಣ್ಣ ಸಣ್ಣ ಗುಂಡುಗಳನ್ನು ಹಾಕಿ ಹೊಡೆದರೆ ದೂರ ಹೋದಂತೆ ಹರಡಿ ಕಸುವು ಕಳೆದುಕೊಳ್ಳುತ್ತದೆ. ಯಾರು ಎಲ್ಲಿಂದ ಹೊಡೆದರು ಅನ್ನುವ ಪ್ರಶ್ನೆಗೆ ಉತ್ತರವೇ ಬದಲಾಗಿಬಿಡುತ್ತದೆ.

ವರದಿಗಾರರಿಗೆ ಅವಸರ ಜಾಸ್ತಿ, ಒಪ್ಪುತ್ತೇನೆ. ಆದರೆ ಕೇಳುವುದಕ್ಕೆ ಮೈಸೂರಿನಲ್ಲಿ ಜನ ಇಲ್ಲವೇ? ದಸರಾದಲ್ಲಿ 21 ಕುಶಾಲತೋಪು ಹಾರಿಸುವವರು ನಮ್ಮ ಪೊಲೀಸರೇ. ಆಯುಧಗಳ ಉಸ್ತುವಾರಿ ನೋಡುವವರೂ ಅವರಲ್ಲೇ ಇದ್ದಾರೆ. ಫೋಟೊ ತೋರಿಸಿ ಒಂದು ಮಾತು ಕೇಳಿ. ಮಹಜರಿನಲ್ಲಿ ಆಯುಧದ ವಿವರ ಬರೆದಿರುತ್ತಾರೆ, ಅದನ್ನೂ ನೋಡಿ. ಅಷ್ಟಕ್ಕೂ ಸಮಯವಿಲ್ಲ, ಖಾತ್ರಿಯಿಲ್ಲ ಅಂದರೆ ಸುಮ್ನೆ 'ಬಂದೂಕು' ಅಂತ ಬರೆಯಿರಿ. ಉಳಿದ ವಿವರ ನಾಳೆಯ ಪೇಪರಿನಲ್ಲಿ ಬಂದರೂ ನಡೆಯುತ್ತದೆ.