ನಾಲ್ಕು ಸಲ ಓದಿದ್ರೂ ಎಕ್ಸಾಮಲ್ಲಿ ಎಂತಕ್ಕೆ ನೆನಪಾಗಲ್ಲ?

ನಮಸ್ಕಾರ ಎಲ್ರಿಗೂ. ಹಂಚಿನ ಮೇಲೆ ಮಳೆ ಬೀಳೋ ಸದ್ದು ಕೇಳ್ತಿರ್ಬೋದು, ಇಲ್ಲಿ ತೀರ್ಥಹಳ್ಳಿ ಕಡೆ ಬೆಳಗ್ಗೆಯಿಂದ ಬಿಟ್ಟಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಈ ಸಲ ಟೆಂತು. ಸೈನ್ಸಲ್ಲಿ ಜೀವಕ್ರಿಯೆಗಳು ಪಾಠ ನಾಲ್ಕು ಸಲ ಓದಿ ಮುಗಿಸಿದೀನಿ ಮಾವ ಅಂತ ಪುಸ್ತಕ ತಂದು ತೋರಿಸಿದ್ಳು. ಪೇಜ್ ಪೂರ್ತಿ ಹಳದಿ, ಹೈಲೈಟರ್ ತಾಗದೇ ಇರೋ ಸಾಲೇ ಇಲ್ಲ. ನಾನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, "ಪುಟ್ಟಿ, ಶ್ವಾಸಕೋಶದಿಂದ ವಾಪಸ್ ಬರೋ ರಕ್ತ ಹೃದಯದಲ್ಲಿ ಮೊದ್ಲು ಎಲ್ಲಿಗೆ ಹೋಗ್ತದೆ ಹೇಳು" ಅಂದೆ. "ಗೊತ್ತು ಮಾವ, ಬಾಯಲ್ಲೇ ಇದೆ, ಬರ್ತಿಲ್ಲ" ಅಂದವಳ ಕಣ್ಣಲ್ಲಿ ನೀರು ಬಂತು. ನಂಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಅವಳು ಬೆಳಗ್ಗೆ ಐದಕ್ಕೆ ಎದ್ದು ಓದೋ ಹುಡುಗಿ.

ನೋಡಿ, ಓದಿದ್ದನ್ನೇ ಮತ್ತೆ ಓದಿದಾಗ ಸಾಲುಗಳು ಪರಿಚಯ ಆಗ್ತವೆ ಅಷ್ಟೇ. ದಿನಾ ಬಸ್ಸಲ್ಲಿ ಸಿಗೋರ ಮುಖ ಗೊತ್ತಿರ್ತದೆ ಆದ್ರೆ ಹೆಸರು ಕೇಳಿದ್ರೆ ಗೊತ್ತಿರಲ್ಲ ಅಲ್ವಾ, ಹಂಗೆ. ಎಕ್ಸಾಮಲ್ಲಿ ಕೇಳೋದು ಹೆಸರನ್ನ.

ಇದನ್ನ ಅಮೆರಿಕದಲ್ಲಿ ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಇಬ್ರು ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟ ಮಾಡಿದ್ರು. ಕಾಲೇಜ್ ಸ್ಟೂಡೆಂಟ್ಸಿಗೆ ಒಂದು ಪಾಠ ಕೊಟ್ರು, ಕೆಲವರು ಅದನ್ನ ಎರಡು ಸಲ ಓದಿದ್ರು, ಇನ್ನು ಕೆಲವರು ಒಂದೇ ಸಲ ಓದಿ, ಎರಡನೇ ಸಲದ ಟೈಮಲ್ಲಿ ಅದನ್ನ ನೋಡದೇ ನೆನಪಿದ್ದಷ್ಟು ಬರೆದ್ರು. ಐದು ನಿಮಿಷ ಬಿಟ್ಟು ಟೆಸ್ಟ್ ಕೊಟ್ಟಾಗ ಎರಡು ಸಲ ಓದಿದವ್ರೇ ಮುಂದೆ. ಆದ್ರೆ ಒಂದು ವಾರ ಬಿಟ್ಟು ಟೆಸ್ಟ್ ಕೊಟ್ರೆ, ಎರಡು ಸಲ ಓದಿದವ್ರಿಗೆ ನೆನಪಿದ್ದಿದ್ದು ಸುಮಾರು 42 ಪರ್ಸೆಂಟ್, ನೋಡದೇ ಬರೆದವ್ರಿಗೆ 56. ಹಿಂದಿನ ರಾತ್ರಿ ಓದಿ ಬರೆಯೋ ಮಕ್ಕಳಿಗೆ ಯೂನಿಟ್ ಟೆಸ್ಟಲ್ಲಿ ಮಾರ್ಕ್ಸ್ ಬಂದು ಮಾರ್ಚಲ್ಲಿ ಕೈಕೊಡೋದೂ ಇದಕ್ಕೇ ಅಂತ ನನ್ ಲೆಕ್ಕ.

ಹಾಗಾಗಿ ಎಂತ ಮಾಡ್ಬೇಕು ಅಂದ್ರೆ, ಎರಡು ಪೇಜ್ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ತಗೊಂಡು ನೆನಪಿಗೆ ಬಂದಿದ್ದೆಲ್ಲ ಬರೀರಿ. ಹೃದಯದ ಚಿತ್ರ ನೋಡದೇ ಬಿಡಿಸಿ, ಸೊಟ್ಟ ಆದ್ರೂ ಪರ್ವಾಗಿಲ್ಲ, ಹೃತ್ಕರ್ಣ ಮೇಲೆ, ಹೃತ್ಕುಕ್ಷಿ ಕೆಳಗೆ, ಬಾಣ ಹಾಕಿ. ಎಲ್ಲಿ ನಿಂತ್ರೋ ಅಲ್ಲಿ ಸ್ವಲ್ಪ ಒದ್ದಾಡಿ, ತಕ್ಷಣ ಪುಸ್ತಕ ತೆಗೀಬೇಡಿ, ಆ ಒದ್ದಾಟದಲ್ಲೇ ನೆನಪು ಗಟ್ಟಿಯಾಗೋದು. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋಗಿದ್ದನ್ನ ಕೆಂಪು ಪೆನ್ನಲ್ಲಿ ಸೇರಿಸಿ. ನಾಳೆ ಆ ಕೆಂಪಿಂದ ಶುರು ಮಾಡಿ.

ಇನ್ನು ಎಷ್ಟು ದಿನಕ್ಕೆ ಒಂದ್ಸಲ ಅಂತ ಕೇಳ್ತೀರಿ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥ ಇಲ್ಲದ ಅಕ್ಷರಗಳನ್ನ ತಾನೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೀತದೆ ಅಂತ ಅಳೆದು 1885ರಲ್ಲೇ ಪುಸ್ತಕ ಬರೆದಿದ್ರು. ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ಅದಕ್ಕೆ ಇವತ್ತು ಓದಿದ್ದನ್ನ ನಾಳೆ ಒಂದ್ಸಲ, ಮೂರ್ನಾಲ್ಕು ದಿನ ಬಿಟ್ಟು ಒಂದ್ಸಲ, ವಾರ ಹತ್ತು ದಿನ ಬಿಟ್ಟು ಇನ್ನೊಂದ್ಸಲ ನೆನಪು ಮಾಡ್ಕೊಳ್ಳಿ. ಪ್ರತಿ ಸಲ ಹತ್ತು ನಿಮಿಷ ಸಾಕು. ಬೆಳಗ್ಗೆ ಬಸ್ಸಲ್ಲಿ ಮುಕ್ಕಾಲು ಗಂಟೆ ನಿಂತ್ಕೊಂಡು ಹೋಗೋ ಮಕ್ಕಳು ನೀವು, ಪುಸ್ತಕ ಹಿಡಿಯೋಕೆ ಜಾಗ ಇರಲ್ಲ, ಕಂಬಿ ಹಿಡ್ಕೊಂಡೇ ನಿನ್ನೆ ಪಾಠ ಮನಸಲ್ಲೇ ಹೇಳ್ಕೊಳ್ಳಿ.

ಮ್ಯಾತ್ಸ್ ಬೇರೆ ಥರ. ಒಂದೇ ಅಭ್ಯಾಸದ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದ್ರೆ ಮೂರನೇದ್ರಿಂದ ಕೈ ತಾನಾಗೇ ಓಡ್ತದೆ. ಸಮಾಂತರ ಶ್ರೇಢಿದು ಎರಡು, ವರ್ಗ ಸಮೀಕರಣದ್ದು ಎರಡು, ತ್ರಿಭುಜದ್ದು ಒಂದು, ಹಿಂಗೆ ಕಲಸಿ ಮಾಡಿ, ಯಾಕಂದ್ರೆ ಪ್ರಶ್ನೆಪತ್ರಿಕೇಲಿ ಇದು ಯಾವ ಪಾಠದ್ದು ಅಂತ ಬರೆದಿರಲ್ಲ.

ನಿದ್ದೆ ಬಿಡ್ಬೇಡಿ. ಮೊಬೈಲ್ ಬೇರೆ ಕೋಣೇಲಿರ್ಲಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಂಗೆ ಸೈನ್ಸ್ ಬರಲ್ಲ, ನಾನೆಂತ ಹೇಳ್ಕೊಡ್ಲಿ ಅಂತೀರಲ್ಲ, ಹೇಳ್ಕೊಡೋದು ಬೇಡ, ಕೇಳಿದ್ರೆ ಸಾಕು. ಅಡಿಕೆ ಕೊಯ್ಲಿನ ಟೈಮಲ್ಲಿ ರಾತ್ರಿ ಹತ್ತರವರೆಗೂ ಸುಲಿಯೋ ಕೆಲಸ ಇರ್ತದೆ, ನಮ್ಮಮ್ಮ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತಾ "ಇವತ್ತು ಮೇಷ್ಟ್ರು ಎಂತ ಮಾಡಿದ್ರು, ಹೇಳು" ಅಂತಿದ್ರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾನು ಹೇಳ್ತಾ ಹೋಗೋದು, ಮಧ್ಯ ಅಮ್ಮ "ಅದೆಂತಕ್ಕೆ ಹಂಗೆ?" ಅಂದ್ರೆ ನಂಗೆ ಉತ್ತರ ಗೊತ್ತಿಲ್ಲ ಅಂತ ಆಗ್ಲೇ ಗೊತ್ತಾಗೋದು, ಎದ್ದು ಹೋಗಿ ಪುಸ್ತಕ ನೋಡ್ಕೊಂಡು ಬರ್ತಿದ್ದೆ.

ಪುಟ್ಟಿ ನಿನ್ನೆ ಫೋನ್ ಮಾಡಿದ್ಳು. ಮದುವೆ ಕಾಗದದ ಹಿಂದಿನ ಖಾಲಿ ಜಾಗ ಕತ್ತರಿಸಿ ಒಂದು ಕಡೆ ಪ್ರಶ್ನೆ ಇನ್ನೊಂದು ಕಡೆ ಉತ್ತರ ಬರೆದು ಅರವತ್ತು ಚೀಟಿ ಮಾಡಿದಾಳಂತೆ, ತಪ್ಪಾಗಿದ್ದು ಒಂದು ಸ್ವೀಟ್ ಬಾಕ್ಸಲ್ಲಿ, ಸರಿಯಾಗಿದ್ದು ಇನ್ನೊಂದ್ರಲ್ಲಿ. "ಮಾವ, ಎಡ ಹೃತ್ಕರ್ಣ" ಅಂದ್ಳು, ಹಲೋನೂ ಅನ್ನದೇ.