ಎರಡನೇ ವಾಕ್ಯ ಬಿಟ್ಟು ಓದಬೇಡಿ

ಕೇಳುಗರಿಗೆ ನಮಸ್ಕಾರ.

ಸತ್ಯವೇದವನ್ನು, ಅಂದರೆ ಬೈಬಲನ್ನು, ದಿನವೂ ಓದಬೇಕು ಅಂತ ಶುರು ಮಾಡಿ, ನಡುವೆ ಎಲ್ಲೋ ನಿಲ್ಲಿಸಿಬಿಟ್ಟವರ ಜೊತೆ ನಾನು ಇವತ್ತು ಮಾತಾಡಬೇಕು. ನೀವು ಎಲ್ಲಿ ನಿಲ್ಲಿಸಿದಿರಿ ಅಂತಲೂ ಹೇಳಬಲ್ಲೆ. ಜನವರಿ 1ಕ್ಕೆ ಅದರ ಮೊದಲ ಪುಸ್ತಕ ಆದಿಕಾಂಡ ತೆರೆದಿರಿ. ದಿನಕ್ಕೆ ಮೂರು ಅಧ್ಯಾಯ. ಆದಿಕಾಂಡದಲ್ಲಿ 50 ಅಧ್ಯಾಯ, ಎರಡನೇ ಪುಸ್ತಕ ವಿಮೋಚನಕಾಂಡದಲ್ಲಿ 40. ಮೂವತ್ತು ದಿನಕ್ಕೆ ಎರಡೂ ಮುಗಿದವು. ಮಾರನೆಯ ದಿನ ಯಾಜಕಕಾಂಡ ಎದುರಿಗೆ ಬಂತು. ಹೋಮ, ಬಲಿ, ಯಾವ ಪ್ರಾಣಿ ತಿನ್ನಬಹುದು, ಯಾವುದು ತಿನ್ನಬಾರದು. ಪುಸ್ತಕ ಮುಚ್ಚಿಟ್ಟಿರಿ. ಅಲ್ವಾ?

ಯಾಜಕಕಾಂಡವನ್ನು ದೂರಬೇಡಿ. ಅದಕ್ಕೂ ಮೊದಲೇ ಒಂದು ವಾಕ್ಯವನ್ನು ನೀವು ಓದಿಯೂ ಓದದ ಹಾಗೆ ದಾಟಿ ಬಂದಿದ್ದೀರಿ. ವಿಮೋಚನಕಾಂಡ 20ನೇ ಅಧ್ಯಾಯ, ಎರಡನೇ ವಾಕ್ಯ. ನಾನು ಇವತ್ತು ಹೇಳೋದು ಅದೊಂದನ್ನೇ.

ಅದನ್ನು ನನಗೆ ಕಲಿಸಿದವರು ನಮ್ಮ ಸಂಡೇ ಸ್ಕೂಲಿನ ಒಬ್ಬ ವಯಸ್ಸಾದ ಮೇಷ್ಟ್ರು. ನನಗಾಗ ಒಂಬತ್ತು ವರ್ಷ. ಅದೇ ಅಧ್ಯಾಯದಲ್ಲಿರುವ ದಶಾಜ್ಞೆಗಳನ್ನು, ಅಂದರೆ ದೇವರು ಕೊಟ್ಟ ಹತ್ತು ಆಜ್ಞೆಗಳನ್ನು, ಬಾಯಿಪಾಠ ಮಾಡಿಕೊಂಡು ಬರಲು ಹೇಳಿದ್ದರು. ನಾನು ಎದ್ದು ನಿಂತು ಗಡಗಡ ಹೇಳಿದೆ. ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು, ವಿಗ್ರಹ ಮಾಡಿಕೊಳ್ಳಬಾರದು, ಹೀಗೆ ಹತ್ತೂ. ಒಂದು ಅಕ್ಷರ ತಪ್ಪಲಿಲ್ಲ. ಮೇಷ್ಟ್ರು ಅಂದರು, "ಮೊದಲಿಂದ ಹೇಳು ಮಗಾ." ಮತ್ತೆ ಹೇಳಿದೆ, ಇನ್ನೂ ಜೋರಾಗಿ. "ಮೊದಲಿಂದ ಹೇಳು." ಮೂರನೆಯ ಸಲ ನನಗೆ ಅಳುವೇ ಬಂತು.

ಅವರು ಬೈಯಲಿಲ್ಲ. ಎದ್ದು ಬೆಂಚುಗಳನ್ನೆಲ್ಲ ಎರಡು ಸಾಲಾಗಿ ಸರಿಸಿದರು. ನಡುವೆ ದಾರಿ. "ಇದು ಸಮುದ್ರ," ಅಂದರು. ನಮ್ಮನ್ನು ಈಚೆ ಮೂಲೆಯಲ್ಲಿ ಕೂರಿಸಿ, ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ದಾಸರಾಗಿದ್ದ ಇಸ್ರಾಯೇಲ್ ಜನರ ಹಾಗೆ ಇಟ್ಟಿಗೆ ಮಾಡಿಸಿದರು. ಸುಮ್ನೆ ಕೈಯಲ್ಲೇ ಆಟ, ಆದರೆ ಎಷ್ಟು ಹೊತ್ತು ಅಂತೀರಿ! ಮಾಡಿದಷ್ಟೂ "ಇನ್ನೂ ಜಾಸ್ತಿ ಮಾಡಿ" ಅಂತ ಗದರಿಸಿದರು. ಕೈ ನೋಯತೊಡಗಿತು. ಆಮೇಲೆ ಒಬ್ಬೊಬ್ಬರನ್ನೇ ಕೈ ಹಿಡಿದು ಎಬ್ಬಿಸಿ, ಬೆಂಚುಗಳ ನಡುವೆ ನಡೆಸಿ, ಆಚೆ ದಡ ಸೇರಿಸಿದರು. ಎಲ್ಲರಿಗಿಂತ ಚಿಕ್ಕವನೊಬ್ಬ ನಡೆಯಲು ಹಟ ಮಾಡಿದ. ಅವನನ್ನು ಎತ್ತಿಕೊಂಡೇ ದಾಟಿದರು. ಕೊನೆಯ ಮಗು ದಾಟಿದ ಮೇಲೆ ಉಸಿರು ಬಿಡುತ್ತಾ ಕುಳಿತು, ಪುಸ್ತಕ ತೆರೆದು, ಆ ಎರಡನೇ ವಾಕ್ಯದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಐಗುಪ್ತದ ದಾಸತ್ವದಿಂದ ನಿನ್ನನ್ನು ಬಿಡಿಸಿದ ನಿನ್ನ ದೇವರಾದ ಯೆಹೋವನು ನಾನೇ.

"ಇದು ಆಜ್ಞೆ ಅಲ್ವಲ್ಲ ಮೇಷ್ಟ್ರೇ," ಅಂದೆ.

"ಅಲ್ಲ. ಅದಕ್ಕೇ ಮೊದಲು ಬಂದಿದೆ," ಅಂದರು.

ಕೇಳಿದಿರಲ್ಲ? ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಪುಸ್ತಕದಲ್ಲೂ ಇದೇ ಕ್ರಮ. ವಿಮೋಚನಕಾಂಡದ 12ರಲ್ಲಿ ಜನ ಐಗುಪ್ತ ಬಿಟ್ಟು ಹೊರಟರು. 14ರಲ್ಲಿ ಸಮುದ್ರ ದಾಟಿದರು. ಸೀನಾಯಿ ಬೆಟ್ಟದ ಬಳಿ ಆಜ್ಞೆ ಸಿಕ್ಕಿದ್ದು 20ರಲ್ಲಿ. ಇದನ್ನೆಲ್ಲ ಪಾಲಿಸಿದರೆ ನಿಮ್ಮನ್ನು ಬಿಡಿಸುತ್ತೇನೆ ಅಂತ ದೇವರು ಐಗುಪ್ತದಲ್ಲಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅದು ಕೂಲಿ ಆಗುತ್ತಿತ್ತು. ಇದು ಒಡಂಬಡಿಕೆ. ನಾನು ನಿಮ್ಮ ದೇವರು, ನೀವು ನನ್ನ ಜನ ಅನ್ನುವ ನಂಟು. ಈ ನಂಟನ್ನು ಮರೆತು ಧರ್ಮಶಾಸ್ತ್ರವನ್ನು, ಅಂದರೆ ದೇವರು ಆ ಜನರಿಗೆ ಕೊಟ್ಟ ಕಟ್ಟಳೆಗಳನ್ನು, ಓದಿದರೆ ಅದು ಬರೀ ಬೇಡಗಳ ಪಟ್ಟಿ. ಯೆಹೂದ್ಯರ ಎಣಿಕೆಯನ್ನೇ ನೋಡಿ. ಹೀಬ್ರೂ ಭಾಷೆಯಲ್ಲಿ ದಶಾಜ್ಞೆಗಳನ್ನು ಹತ್ತು ಆಜ್ಞೆ ಅನ್ನುವುದಿಲ್ಲ, ಹತ್ತು ಮಾತು ಅನ್ನುತ್ತಾರೆ. ನಾನು ಬಿಟ್ಟಿದ್ದ ಆ ವಾಕ್ಯವೇ ಅವರಿಗೆ ಒಂದನೆಯ ಮಾತು!

24ನೇ ಅಧ್ಯಾಯದಲ್ಲಿ ಒಡಂಬಡಿಕೆ ಆಗುವಾಗ ಆ ಜನರ ನಾಯಕ ಮೋಶೆ ಒಡಂಬಡಿಕೆಯ ಗ್ರಂಥವನ್ನು ಜನರೆಲ್ಲ ಕೇಳುವಂತೆ ಓದಿದ. ಹೌದು, ಗಟ್ಟಿಯಾಗಿ ಓದಿದ. ನೀವೂ ಹಾಗೇ ಓದಿ. ಮೊದಲನೇ ಕೀರ್ತನೆಯಲ್ಲಿ ಹಗಲೂ ರಾತ್ರಿ ಧ್ಯಾನಿಸುವುದು ಅಂತ ಬರುತ್ತದಲ್ಲ, ಅಲ್ಲಿರುವ ಹೀಬ್ರೂ ಪದ ಬಾಯಿಗೆ ಸೇರಿದ್ದು. ಪಾರಿವಾಳ ಗೊಣಗುವುದಕ್ಕೂ, ಸಿಂಹ ತನ್ನ ಬೇಟೆಯ ಮೇಲೆ ನಿಂತು ಗುರುಗುಟ್ಟುವುದಕ್ಕೂ ಅದೇ ಪದ. ಕಣ್ಣಾಡಿಸಿ ಪುಟ ಮಗುಚುವುದು ಧ್ಯಾನವಲ್ಲ. ಇಷ್ಟು ದಿನದಲ್ಲಿ ಇಷ್ಟು ಮುಗಿಸಿದೆ ಅಂತ ಲೆಕ್ಕ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೀವು ಮುಗಿಸುವುದು ಯಾಕೆ? ನಾಲ್ಕೇ ವಾಕ್ಯ ಓದಿ, ದಿನವಿಡೀ ಬಾಯಲ್ಲಿ ಇಟ್ಟುಕೊಳ್ಳಿ.

ನನಗೆ ಕೊಟ್ಟ ಹೊತ್ತು ಮುಗಿಯುತ್ತಾ ಬಂತು. ಯೆಹೂದ ನಾಡಿನ ಅರಸನಾದ ಯೋಶೀಯನ ವಿಷಯ ವಿವರವಾಗಿ ಹೇಳಬೇಕೆಂದಿದ್ದೆ. ಅವನ ಕಾಲದಲ್ಲಿ ಧರ್ಮಶಾಸ್ತ್ರದ ಗ್ರಂಥ ಕಳೆದುಹೋಗಿತ್ತು. ಸಿಕ್ಕಿದ್ದು ದೇವಾಲಯದ ಒಳಗೇ, ರಿಪೇರಿ ನಡೆಯುವಾಗ. ಓದಿದ್ದನ್ನು ಕೇಳಿ ಅವನು ಬಟ್ಟೆ ಹರಿದುಕೊಂಡ. ಜನರನ್ನೆಲ್ಲ ಕೂಡಿಸಿ, ಓದಿ ಕೇಳಿಸಿ, ಒಡಂಬಡಿಕೆಯನ್ನು ಮತ್ತೆ ಸ್ಥಿರಪಡಿಸಿದ. ಎರಡನೇ ಅರಸುಗಳು, 22 ಮತ್ತು 23, ನೀವೇ ಓದಿಕೊಳ್ಳಿ. ಯೆರೆಮೀಯ 31ನ್ನೂ ಓದಿ. ಧರ್ಮಶಾಸ್ತ್ರವನ್ನು ಅವರ ಹೃದಯದಲ್ಲೇ ಬರೆಯುತ್ತೇನೆ ಅಂತ ದೇವರು ಹೊಸ ಒಡಂಬಡಿಕೆಯ ಮಾತು ಕೊಡುವುದು ಅಲ್ಲಿ.

ಆದರೆ ನಾಳೆ ಬೆಳಗ್ಗೆಗೆ ಇದು: ವಿಮೋಚನಕಾಂಡ 22, ವಾಕ್ಯ 26 ಮತ್ತು 27. ಬಡವನ ಕಂಬಳಿಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ಹಿಂದಕ್ಕೆ ಕೊಡು, ಅವನಿಗೆ ಹೊದೆಯಲು ಇರುವುದು ಅದೊಂದೇ, ಇನ್ನೇನು ಹೊದ್ದು ಮಲಗುತ್ತಾನೆ ಅಂತ ದೇವರೇ ಕೇಳುತ್ತಾನೆ. ಓದುವ ಮೊದಲು 20ನೇ ಅಧ್ಯಾಯಕ್ಕೆ ಹೋಗಿ ಆ ಎರಡನೇ ವಾಕ್ಯವನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಆಮೇಲೆ ಈ ಎರಡು ವಾಕ್ಯ ಓದಿ. ನಮಸ್ಕಾರ.