ಕೆಫೆ ಜಾಝ್‌ಗೆ ಹಗುರ ಬೇಸ್ ಆಂಪ್: 100 ವ್ಯಾಟ್ ಸಾಕಾ, 500 ಬೇಕಾ?

[ಪರದೆ: ಎದೆಯೆತ್ತರದ ಸ್ಪೀಕರ್ ಕ್ಯಾಬಿನೆಟ್, ಅದರ ಪಕ್ಕ ಅಂಗೈಯಲ್ಲಿ ಹಿಡಿಯುವಂಥ ಆಂಪ್ ಹೆಡ್]

ನಮಸ್ಕಾರ. ಕಮೆಂಟ್‌ಗಳಲ್ಲಿ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು. "ಸರ್, ಪಿಯಾನೋ, ಡ್ರಮ್ಸ್, ಬೇಸ್, ಮೂರೇ ಜನ. ಕೆಫೆಯಲ್ಲಿ ನುಡಿಸುತ್ತೇವೆ. ಹಗುರವಾದ ಆಂಪ್ ಬೇಕು. ಎಷ್ಟು ವ್ಯಾಟ್ ತಗೊಳ್ಳಲಿ?"

ವ್ಯಾಟ್ ಹಿಂದೆ ಬೀಳಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ತೂಕದ ಕಥೆ, ಬೇಗ ಮುಗಿಸೋಣ. 1969ರಲ್ಲಿ ಆಂಪೆಗ್ ಕಂಪನಿಯ ಎಸ್‌ವಿಟಿ ಅನ್ನುವ ಬೇಸ್ ಆಂಪ್ ಬಂತು. 300 ವ್ಯಾಟ್, ಬರೀ ಹೆಡ್ಡೇ, ಅಂದರೆ ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆಯೇ, 38 ಕಿಲೋ ಆಸುಪಾಸು. ಕ್ಯಾಬಿನೆಟ್ ತೂಕ ಬೇರೆ. ದೊಡ್ಡ ಸ್ಟೇಜಿನ ರಾಕ್‌ಗೆ ಅಂತ ಮಾಡಿದ್ದು ಬಿಡಿ. ಇವತ್ತು ಅಷ್ಟೇ ವ್ಯಾಟ್‌ನ ಹೆಡ್ ಒಂದೆರಡು ಕಿಲೋಗೆ ಸಿಗುತ್ತದೆ. ಕಾರಣ, ಕ್ಲಾಸ್ ಡಿ ಅನ್ನುವ ಹೊಸ ಬಗೆಯ ಆಂಪ್ ಸರ್ಕ್ಯೂಟ್.

ಗೋಡೆ ಮೇಲಿನ ಹಳೇ ಫ್ಯಾನ್ ರೆಗ್ಯುಲೇಟರ್ ನೆನಪಿದೆಯಾ? ಫ್ಯಾನ್ ನಿಧಾನ ಮಾಡಿದರೆ ಡಬ್ಬಿ ಬಿಸಿ. ಹಳೇ ಆಂಪ್ ಕೂಡ ಹಾಗೇ, ಕರೆಂಟಿನ ದೊಡ್ಡ ಪಾಲನ್ನು ಬಿಸಿ ಮಾಡಿಯೇ ಕಳೆಯುತ್ತಿತ್ತು. ಕ್ಲಾಸ್ ಡಿ ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗುತ್ತದೆ. ಶೇ. 90ರ ಹತ್ತಿರ ಸ್ಪೀಕರಿಗೇ ಹೋಗುತ್ತದೆ. ಜೊತೆಗೆ ಸ್ವಿಚಿಂಗ್ ಪವರ್ ಸಪ್ಲೈ ಬಂದು ದಪ್ಪ ಟ್ರಾನ್ಸ್‌ಫಾರ್ಮರ್ ಹೋಯಿತು. ಸ್ಪೀಕರ್‌ಗಳಿಗೆ ನಿಯೋಡಿಮಿಯಮ್ ಅಯಸ್ಕಾಂತ ಬಂತು. ಬೆನ್ನು ಉಳಿಯಿತು.

ಆದರೆ ಒಂದು ನಿಯಮ ಮಾತ್ರ ಬದಲಾಗಿಲ್ಲ. ಕೆಎಲ್‌ಎಚ್ ಅನ್ನುವ ಅಮೆರಿಕದ ಸ್ಪೀಕರ್ ಕಂಪನಿಯಲ್ಲಿ 'ಎಚ್' ಅಂದರೆ ಜೋಸೆಫ್ ಆಂಟನ್ ಹಾಫ್‌ಮನ್. ದೊಡ್ಡ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ ಅವರ ಮಗ. ಅವರ ಹೆಸರಿನ ನಿಯಮ ಹೀಗಿದೆ: ಚಿಕ್ಕ ಪೆಟ್ಟಿಗೆ, ಆಳದ ಸ್ವರ, ಕಡಿಮೆ ಪವರ್‌ನಲ್ಲಿ ಜೋರು ಸದ್ದು. ಮೂರರಲ್ಲಿ ಎರಡು ಆರಿಸಿಕೊಳ್ಳಿ. ಮೂರೂ ಸಿಗಲ್ಲ.

[ಪರದೆ: ಡಬಲ್ ಬೇಸ್, ಪಕ್ಕದಲ್ಲಿ 8 ಮೀಟರ್ ಉದ್ದದ ಅಲೆ]

ಹಾಗಾದರೆ ಚಿಕ್ಕ ಆಂಪ್‌ನಲ್ಲಿ ಬೇಸ್ ಹೇಗೆ ಕೇಳುತ್ತದೆ? ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ಸಹಿಸಿಕೊಳ್ಳಿ. ಡಬಲ್ ಬೇಸ್‌ನ ಅತಿ ಕೆಳಗಿನ ಇ ತಂತಿ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಆ ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ಅಂಥ ಅಲೆ ಹೊರಡಿಸಲು ಆಳೆತ್ತರದ ಆ ವಾದ್ಯವೂ ಸಾಲದು! ಅದರಿಂದ 41 ಹರ್ಟ್ಸ್ ಬರುವುದು ಕ್ಷೀಣವಾಗಿ. ಜೋರಾಗಿ ಬರುವುದು ಅದರ ಮೇಲಿನ 82, 123, 164. ಮೆದುಳು ಇವುಗಳ ನಡುವಿನ ಅಂತರ ನೋಡಿ "ಓ, ಇದು 41" ಅಂತ ತಾನೇ ತುಂಬಿಕೊಳ್ಳುತ್ತದೆ.

ನಂಬಿಕೆ ಬರಲಿಲ್ವಾ? ಲ್ಯಾಂಡ್‌ಲೈನ್ ಫೋನ್ ಹೆಚ್ಚುಕಡಿಮೆ 300 ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ ಕಳಿಸುತ್ತಿತ್ತು. ಗಂಡಸಿನ ದನಿಯ ಮೂಲ ಸ್ವರ ಸುಮಾರು 100ರಿಂದ 120. ಅಂದರೆ ಊರಿಂದ ಫೋನ್ ಮಾಡಿದ ಅಪ್ಪನ ದನಿಯ ತಳಪಾಯ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಅಪ್ಪ ಅಪ್ಪನ ದನಿಯಲ್ಲೇ ಬೈಯುತ್ತಿದ್ದರು, ಅಲ್ವಾ?

ಹಾಗಾಗಿ ನಿಮ್ಮ ಆಂಪ್ 41 ಹರ್ಟ್ಸ್ ಗುಡುಗಿಸಬೇಕಿಲ್ಲ. 80ರಿಂದ ಮೇಲಿನದನ್ನು ಸ್ವಚ್ಛವಾಗಿ ಕೊಟ್ಟರೆ ಕೆಫೆಗೆ ಸಾಕು. ಫಿಲ್ ಜೋನ್ಸ್ ಬೇಸ್ ಕಂಪನಿಯವರು ಐದಿಂಚಿನ ಪುಟ್ಟ ಸ್ಪೀಕರ್‌ಗಳಲ್ಲೇ ಆಂಪ್ ಮಾಡಿ ಗೆದ್ದಿರುವುದು ಸುಮ್ನೆ ಅಲ್ಲ. ಬಲವಂತವಾಗಿ ಬೇಸ್ ನಾಬ್ ಪೂರ್ತಿ ತಿರುಗಿಸಿದರೆ ಸ್ಪೀಕರಿನ ಕೋನ್ ಒದ್ದಾಡುತ್ತದೆ, ಸ್ವರ ಕೆಸರಾಗುತ್ತದೆ.

ಈಗ ವ್ಯಾಟ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ಪವರ್ ಬೇಕು. 50ರಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಅಷ್ಟೇ. ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರ್‌ಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನುವುದು, 3 ಡೆಸಿಬೆಲ್ ಜಾಸ್ತಿ ಇರುವ ಸ್ಪೀಕರ್ ತಗೊಂಡರೆ ಅದೇ ಲಾಭ ಪವರ್ ಏರಿಸದೆಯೇ ಸಿಗುತ್ತದೆ. ಡಬ್ಬದ ಮೇಲೆ ವ್ಯಾಟ್ ದಪ್ಪ ಅಕ್ಷರದಲ್ಲಿರುತ್ತದೆ, ಸೆನ್ಸಿಟಿವಿಟಿಯನ್ನು ಭೂತಗನ್ನಡಿ ಹಾಕಿ ಹುಡುಕಬೇಕು.

[ಪರದೆ: ಎಡಿಟರ್ ಕೈ ಗಡಿಯಾರ ತೋರಿಸುತ್ತದೆ]

ಸರಿ, ಸರಿ. ಉಳಿದದ್ದು ಓಡಿಸುತ್ತೇನೆ. ಡಬಲ್ ಬೇಸ್‌ಗೆ ಅದರ ಕಂಪನವನ್ನು ಸಿಗ್ನಲ್ ಮಾಡುವ ಪೀಜೋ ಪಿಕಪ್ ಇದ್ದರೆ, ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಅದು ಒಡ್ಡುವ ತಡೆ, ಕನಿಷ್ಠ 1 ಮೆಗಾಓಮ್ ಇರಲಿ, ಇಲ್ಲದಿದ್ದರೆ ಸ್ವರ ತೆಳ್ಳಗಾಗುತ್ತದೆ. ಅತಿ ಆಳದ ಸದ್ದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್, ಸಿಗ್ನಲ್ಲಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ ಇದ್ದರೆ, ಸ್ಪೀಕರಿನ ಸದ್ದು ವಾದ್ಯಕ್ಕೇ ಮರಳಿ ಊಳಿಡುವ ಫೀಡ್‌ಬ್ಯಾಕ್ ಕಾಟ ಕಡಿಮೆ. ಆಂಪ್‌ನಿಂದ ಹಾಲ್‌ನ ಸೌಂಡ್ ಸಿಸ್ಟಮ್‌ಗೆ ನೇರ ಸಿಗ್ನಲ್ ಕೊಡುವ ಡಿಐ ಔಟ್ ಬೇಕೇ ಬೇಕು. ಬೆಂಗಳೂರು ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ, ಜಾಝ್ ನಡೆಯುವ ರೆಸ್ಟೋರೆಂಟ್‌ಗಳ ಕಡೆ ಒಳ್ಳೆ ಸೌಂಡ್ ಸಿಸ್ಟಮ್ ಇರುತ್ತದೆ, ಅಲ್ಲಿ ನಿಮ್ಮ ಆಂಪ್ ನಿಮಗೆ ಕೇಳಿದರೆ ಸಾಕು. ಮೂಲೆಗೆ ಇಟ್ಟರೆ ಬೇಸ್ ಉಬ್ಬುತ್ತದೆ. ಉಬ್ಬು ಜಾಸ್ತಿಯಾದರೆ ಕುರ್ಚಿ ಮೇಲೆ ಎತ್ತಿಡಿ.

ನನ್ನ ಆಯ್ಕೆ? ಡ್ರಮ್ಮರ್ ಬ್ರಷ್‌ನಲ್ಲಿ ಮೆಲ್ಲಗೆ ನುಡಿಸುವವರಾದರೆ ಫೆಂಡರ್ ರಂಬಲ್ 40, ಹತ್ತಿಂಚಿನ ಸ್ಪೀಕರ್, 8 ಕಿಲೋ ಚಿಲ್ಲರೆ. ಸ್ಟಿಕ್ ಹಿಡಿದು ಹುರುಪಿಗೆ ಬರುವವರಾದರೆ ರಂಬಲ್ 100, ಹನ್ನೆರಡಿಂಚು, 10 ಕಿಲೋ. ಡಬಲ್ ಬೇಸ್ ಇದ್ದು ಜೇಬೂ ಗಟ್ಟಿ ಇದ್ದರೆ ಅಕೌಸ್ಟಿಕ್ ಇಮೇಜ್ ಕಂಪನಿಯ ಆಂಪ್ ನೋಡಿ.

ಅಂಗಡಿಗೆ ನಿಮ್ಮದೇ ವಾದ್ಯ ತಗೊಂಡು ಹೋಗಿ. ಎಲ್ಲ ನಾಬ್ ನಡುವಿಗೆ ತನ್ನಿ. ಇ ತಂತಿಯ ಮೇಲೆ ವಾಕಿಂಗ್ ಬೇಸ್, ಅಂದರೆ ತಾಳದ ಒಂದೊಂದು ಪೆಟ್ಟಿಗೂ ಒಂದೊಂದು ಸ್ವರ, ನುಡಿಸಿ, ಗೆಳೆಯನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ. ಸ್ವರಗಳು ಬೇರೆ ಬೇರೆಯಾಗಿ ಕೇಳುತ್ತಿವೆಯಾ ಅಂತ ಅವನನ್ನು ಕೇಳಿ. ಹೌದು ಅಂದರೆ ಬಿಲ್ ಹಾಕಿಸಿ.